ತಪ್ಪಾಗಿ ಬಿಡಿಸಿದ ಚಿತ್ರವೇ ಕೆಲಸಕ್ಕೆ ಬಂತು

ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 1520 ಸೆಡ್ಜ್‌ವಿಕ್ ಅವೆನ್ಯೂ ಮುಂದೆ ಮೊದಲ ಸಲ ಕ್ಯಾಮೆರಾ ಹಿಡಿದು ನಿಂತಾಗ ನಿರಾಸೆಯೇ ಆಯಿತು. ಎತ್ತರದ ಒಂದು ಅಪಾರ್ಟ್‌ಮೆಂಟ್, ಹತ್ತಿರದಲ್ಲೇ ಭರ್ರೆಂದು ಗಾಡಿ ಓಡುವ ಹೈವೇ, ಅಷ್ಟೇ. 1973ರ ಆಗಸ್ಟ್ 11ರಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಇದರ ಹಾಲ್‌ನಲ್ಲಿ ಪಾರ್ಟಿ ಇಟ್ಟಿದ್ದಳು. ಸ್ಕೂಲು ಶುರುವಾಗುವ ಮೊದಲು ಹೊಸ ಬಟ್ಟೆಗೆ ಕಾಸು ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ರೆಕಾರ್ಡ್ ಹಾಕಿದವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಿಪ್-ಹಾಪ್ ಹುಟ್ಟಿದ್ದು ಅಲ್ಲೇ ಅಂತಾರೆ. ನನ್ನ ಫೋಟೋದಲ್ಲಿ ಮಾತ್ರ ಇದ್ಯಾವುದೂ ಕಾಣಲಿಲ್ಲ.

ನಾನು ನ್ಯೂಯಾರ್ಕ್‌ಗೆ ಬಂದಿದ್ದು ಕೆಲಸದ ಮೇಲೆ. ಶನಿವಾರಗಳು ಖಾಲಿ ಇದ್ದವು, ಸುಮ್ನೆ ಸುತ್ತುತ್ತಿದ್ದೆ. ಆ ಕಾಲದ ದೊಡ್ಡ ಫೋಟೋಗಳನ್ನು ಆಗಲೇ ಬೇರೆಯವರು ತೆಗೆದಾಗಿದೆ. ಜೋ ಕಾಂಜೊ ಹೈಸ್ಕೂಲ್ ಹುಡುಗನಾಗಿದ್ದಾಗಲೇ ಕೋಲ್ಡ್ ಕ್ರಷ್ ಬ್ರದರ್ಸ್ ಎಂಬ ಹಿಪ್-ಹಾಪ್ ತಂಡದ ಹಿಂದೆ ಕ್ಯಾಮೆರಾ ಹಿಡಿದು ಓಡಾಡಿದವರು. ಗ್ರಾಫಿಟಿ, ಅಂದರೆ ಸ್ಪ್ರೇ ಬಣ್ಣದಲ್ಲಿ ಹೆಸರು ಬರೆದ ರೈಲುಗಳನ್ನು ಮಾರ್ತಾ ಕೂಪರ್, ಹೆನ್ರಿ ಚಾಲ್ಫಂಟ್ ಹಿಡಿದಿಟ್ಟರು. ಇನ್ನು ನನ್ನಂಥವನಿಗೆ ಉಳಿದಿದ್ದೇನು? ಗೋಡೆ, ಕಾಗದ, ಮತ್ತು ಆಗ ಅಲ್ಲಿ ನಿಂತು ಕುಣಿದ ಸಾಮಾನ್ಯ ಜನರ ನೆನಪು.

ಗ್ರಾಫಿಟಿ ಬರೆದ ಗೋಡೆಯಿಂದ ಶುರು ಮಾಡಿದೆ. ಉದ್ದದ ಗೋಡೆಯನ್ನು ಒಂದೇ ಕಡೆ ನಿಂತು ತೆಗೆದರೆ ಎರಡೂ ತುದಿ ಸಣ್ಣಗಾಗಿ ಅಕ್ಷರಗಳು ಸೊಟ್ಟಗಾಗುತ್ತವೆ. ಇದಕ್ಕೆ ಉಪಾಯ ಚಾಲ್ಫಂಟ್ ಅವರದು. ರೈಲು ನಿಂತಾಗ ಎದುರಿನ ಪ್ಲಾಟ್‌ಫಾರ್ಮ್ ಮೇಲೆ ನಡೆಯುತ್ತಾ ಸಾಲಾಗಿ ಫೋಟೋ ತೆಗೆದು, ಆಮೇಲೆ ಪ್ರಿಂಟ್‌ಗಳನ್ನು ಜೋಡಿಸಿ ಇಡೀ ಬೋಗಿ ಮಾಡುತ್ತಿದ್ದರು. ನಾನೂ ಗೋಡೆಗೆ ಸಮನಾಗಿ ಎರಡೆರಡು ಹೆಜ್ಜೆ ಸರಿಯುತ್ತೇನೆ. ಪ್ರತಿ ಫ್ರೇಮ್‌ನಲ್ಲೂ ಹಿಂದಿನದರ ಮೂರನೇ ಒಂದು ಭಾಗ ಬರಬೇಕು. ಮೋಡ ಕವಿದ ದಿನ ಒಳ್ಳೆಯದು. ಬಿಸಿಲಿದ್ದರೆ ಕಂಬದ ನೆರಳು ಅಕ್ಷರದ ಮೇಲೆ ಗೆರೆ ಎಳೆದುಬಿಡುತ್ತದೆ.

ಮೊದಲ ವರ್ಷ ಒಂದು ಪೆದ್ದುತನ ಮಾಡಿದೆ. ಕ್ಯಾಮೆರಾ ಊರಿಂದ ತಂದಿದ್ದು, ಗಡಿಯಾರ ಇಂಡಿಯಾ ಟೈಮಿನಲ್ಲೇ ಇತ್ತು. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಹತ್ತೂವರೆ. ಶನಿವಾರ ಸಂಜೆಯ ಫೋಟೋಗಳೆಲ್ಲ ಭಾನುವಾರದ ಲೆಕ್ಕಕ್ಕೆ ಹೋಗಿದ್ದವು. ಒಂದು ದಿನ ಹಿಂದುಮುಂದಾದರೆ ಏನಂತೆ ಅನ್ನಿಸಬಹುದು. ಆದರೆ ಈ ಗೋಡೆಗಳಲ್ಲಿ ಯಾರ ಹೆಸರಿನ ಮೇಲೆ ಯಾರು ಬರೆದರು ಅನ್ನೋದೇ ಇತಿಹಾಸ. ಅಂದಹಾಗೆ, ಹೀಗೆ ಬರೆಯುವವರು ತಮ್ಮನ್ನು ಪೇಂಟರ್ ಅಂತ ಕರೆದುಕೊಳ್ಳುವುದಿಲ್ಲ, ರೈಟರ್ ಅಂತಾರೆ.

ಆಮೇಲೆ ಕಾಗದ. ಪರಿಚಯದವರೊಬ್ಬರು ಶೂ ಡಬ್ಬಿಯಲ್ಲಿ ಹಳೆಯ ಪಾರ್ಟಿ ಫ್ಲೈಯರ್‌ಗಳನ್ನು ಇಟ್ಟುಕೊಂಡಿದ್ದರು. ಕೈಯಲ್ಲಿ ಬಿಡಿಸಿ ಜೆರಾಕ್ಸ್ ಹೊಡೆಸಿದ್ದು. ನಾಲ್ಕು ಮಡಿಕೆ ಬಿದ್ದು, ಮಡಿಕೆಯ ಮೇಲೆ ಮಸಿಯೇ ಉದುರಿಹೋಗಿತ್ತು. ದಪ್ಪ ಅಕ್ಷರದಲ್ಲಿ ಡಿಜೆಗಳ ಹೆಸರು, ಟಿಕೆಟ್ ದರ, ಯಾವ ರೈಲು ಹತ್ತಿ ಎಲ್ಲಿ ಇಳಿಯಬೇಕು ಅನ್ನೋ ವಿವರ. ನನಗೆ ನಮ್ಮೂರ ಜಾತ್ರೆಯ ಕಂಪನಿ ನಾಟಕದ ಹ್ಯಾಂಡ್‌ಬಿಲ್ ನೆನಪಾಯಿತು. ಅದೇ ಗತ್ತು! ಎರಡೂ ಬದಿ ಸ್ಕ್ಯಾನ್ ಮಾಡಿದೆ, 600 ಡಿಪಿಐನಲ್ಲಿ. ಹಿಂಬದಿ ಯಾಕೆ ಅಂದರೆ ಅಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಕೂಡಿ ಕಳೆದ ಲೆಕ್ಕ ಇತ್ತು. ಬಹುಶಃ ಆ ರಾತ್ರಿಯ ಕಲೆಕ್ಷನ್.

ಫ್ಲೈಯರ್‌ನ ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಪಾರ್ಕಿಂಗ್ ಜಾಗ. ಆಗ ಕೈಹಿಡಿದಿದ್ದು ತೆರಿಗೆ ಫೋಟೋ. ನ್ಯೂಯಾರ್ಕ್ ನಗರ 1980ರ ದಶಕದಲ್ಲಿ ತೆರಿಗೆ ಲೆಕ್ಕಕ್ಕೆಂದು ಕಟ್ಟಡಗಳನ್ನೆಲ್ಲ ಒಂದೊಂದಾಗಿ ಬಣ್ಣದಲ್ಲಿ ಫೋಟೋ ತೆಗೆಸಿತ್ತು. ನಗರದ ದಾಖಲೆ ಸಂಗ್ರಹದಲ್ಲಿ ಅವನ್ನು ಈಗ ಯಾರು ಬೇಕಾದರೂ ನೋಡಬಹುದು. ಗುಮಾಸ್ತನ ಕಣ್ಣಿನ ಫೋಟೋಗಳು, ಚೆಂದವೇನಿಲ್ಲ. ಆದರೆ ಬಾಗಿಲು ಎಲ್ಲಿತ್ತು, ಗೋಡೆ ಮೇಲೆ ಯಾರ ಟ್ಯಾಗ್ (ಸಹಿಯಂತೆ ಬರೆದ ಹೆಸರು) ಇತ್ತು, ಎಲ್ಲ ಸಿಗುತ್ತದೆ. ನನ್ನ ಪ್ರಕಾರ ಗ್ಯಾಲರಿ ಫೋಟೋಗಿಂತ ಇದೇ ಜಾಸ್ತಿ ಬೆಲೆಯದು.

ಜನರ ವಿಷಯಕ್ಕೆ ಬಂದರೆ ಕ್ಯಾಮೆರಾ ಕೈಕೊಟ್ಟಿತು. ಎತ್ತಿದ ತಕ್ಷಣ ಮುಖ ತಿರುಗಿಸುತ್ತಾರೆ. ಅದೂ ಸರಿಯೇ ಅಲ್ವಾ, ನಾನು ಯಾರೋ. ಅದಕ್ಕೇ ಸೀಡರ್ ಪಾರ್ಕ್‌ನ ಬೆಂಚಿನಲ್ಲಿ ಕೂತು ಸ್ಕೆಚ್ ಬಿಡಿಸತೊಡಗಿದೆ. ಹರ್ಕ್ ಬೀದಿದೀಪದ ಕಂಬದಿಂದ ಕರೆಂಟ್ ಎಳೆದು ಬಯಲಲ್ಲಿ ಪಾರ್ಟಿ ಮಾಡುತ್ತಿದ್ದ ಜಾಗಗಳಲ್ಲಿ ಅದೂ ಒಂದು. ಟರ್ನ್‌ಟೇಬಲ್, ಸ್ಪೀಕರ್, ಕಂಬ, ವೈರು, ಎಲ್ಲ ಊಹೆಯಿಂದ ಬಿಡಿಸಿದೆ.

ಮೂರನೇ ಶನಿವಾರ ವಯಸ್ಸಾದವರೊಬ್ಬರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ತಪ್ಪು" ಅಂದರು. ನನ್ನ ಪೆನ್ಸಿಲ್ ಕಿತ್ತುಕೊಂಡು ಸ್ಪೀಕರ್‌ಗಳನ್ನು ಮೂಲೆಗೆ ತಳ್ಳಿದರು, ಕಂಬವನ್ನು ಬೇಲಿಯ ಪಕ್ಕಕ್ಕೆ ತಂದರು. "ನಮ್ಮಮ್ಮ ಆ ಕಿಟಕಿಯಿಂದ ಕೂಗುತ್ತಿದ್ದಳು, ನಾನು ಇಲ್ಲಿ ಅಡಗಿ ನಿಲ್ಲುತ್ತಿದ್ದೆ" ಅಂತ ಒಂದು ಗೀಟು ಹಾಕಿದರು. ರೆಕಾರ್ಡರ್ ಇಟ್ಟು ಪ್ರಶ್ನೆ ಕೇಳಿದ್ದರೆ ಈ ಮಾತು ಬರುತ್ತಿರಲಿಲ್ಲ. ಒಪ್ಪಿಗೆ ಕೇಳಿ, ತಾರೀಖು ಹಾಕಿ, ಹಾಳೆಯ ಫೋಟೋ ತೆಗೆದುಕೊಂಡೆ.

ಮುಂದಿನ ವಾರ ಅವರು ಹಳೆಯ ಗೆಳೆಯರೊಬ್ಬರನ್ನು ಕರೆದುಕೊಂಡು ಬಂದರು. ಆ ಗೆಳೆಯರು ಹಾಳೆ ನೋಡಿ ಮೊದಲು ಹೇಳಿದ್ದು, "ಕಂಬ ಅಲ್ಲಿರಲೇ ಇಲ್ಲ." ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಈಗ ನನ್ನ ಹಾಳೆಯಲ್ಲಿ ಎರಡು ಕಂಬ ಇವೆ, ಒಂದು ನೀಲಿ ಪೆನ್ಸಿಲ್‌ನದು, ಇನ್ನೊಂದು ಕೆಂಪು.