ಚೆನ್ನಾಗಿದ್ದ ಕೋಳಿ ಬೆಳಗಾಗುವಷ್ಟರಲ್ಲಿ ಸತ್ತಿದ್ದರೆ ಏನು ಮಾಡಬೇಕು?

ಸಂಜೆ ನುಚ್ಚು ಹೆಕ್ಕಿ ತಾನಾಗಿಯೇ ಗೂಡು ಸೇರಿದ ಹೇಂಟೆ ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತದೆ. ಗಾಯವಿಲ್ಲ, ರಕ್ತವಿಲ್ಲ. ಆಗ ಮನಸ್ಸಿಗೆ ಮೊದಲು ಬರುವುದೇ ಅನುಮಾನ. ಪಕ್ಕದವರು ವಿಷ ಇಟ್ಟರೇ, ಯಾರ ಕಣ್ಣಾದರೂ ಬಿತ್ತೇ? ಮಂಡ್ಯದ ಹಳ್ಳಿಯಿರಲಿ, ಮೈಸೂರಿನ ಬಡಾವಣೆಯಿರಲಿ, ಇಂಥ ಒಂದು ಮಾತಿನಿಂದ ಎರಡು ಮನೆಗಳ ನಡುವೆ ಮಾತುಕತೆ ನಿಂತುಹೋಗುವುದುಂಟು. ಆ ಮಾತು ಬಾಯಿಂದ ಹೊರಡುವ ಮೊದಲು ಕೋಳಿ ಏಕೆ ಸತ್ತಿತೆಂದು ತಿಳಿಯುವ ಪ್ರಯತ್ನ ನಡೆಯಲಿ.

ಮೊದಲು ನಿಮ್ಮ ಕೈ ಕಾಪಾಡಿಕೊಳ್ಳಿ

ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲವನ್ನೇ ಕೈಗೆ ತೊಡಿಸಿಕೊಂಡು, ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು, ಸುತ್ತಲಿನ ಕೋಳಿಗಳನ್ನು ಕೊಲ್ಲಬೇಕಾಗಿ ಬಂದದ್ದು ಅನೇಕರಿಗೆ ನೆನಪಿರಬಹುದು. ಒಂದು ಕೋಳಿ ಸತ್ತ ಮಾತ್ರಕ್ಕೆ ಹಕ್ಕಿಜ್ವರವೆಂದು ಹೆದರಬೇಕಿಲ್ಲ. ಆದರೆ ಒಂದೆರಡು ದಿನಗಳಲ್ಲಿ ಇನ್ನಷ್ಟು ಕೋಳಿಗಳು ಬಿದ್ದರೆ, ಅಥವಾ ಸುತ್ತಮುತ್ತ ಕಾಗೆಗಳೂ ಸಾಯುತ್ತಿದ್ದರೆ ಅದೇ ಗಳಿಗೆಯಲ್ಲಿ ಪಶು ಆಸ್ಪತ್ರೆಗೆ ತಿಳಿಸಬೇಕು. ಪಶು ಸಹಾಯವಾಣಿ 1962 ಸಂಖ್ಯೆಗೂ ಕರೆ ಮಾಡಬಹುದು.

‘ಮೈ ಇನ್ನೂ ಬೆಚ್ಚಗಿದೆ, ಸಾರು ಮಾಡಿಬಿಡೋಣ’ ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ದಯವಿಟ್ಟು ಬೇಡ. ತೂಕಡಿಸುತ್ತಿರುವ ಕೋಳಿಯನ್ನು ಸಾಯುವ ಮೊದಲೇ ಕುಯ್ಯುವುದೂ ಅಷ್ಟೇ ಅಪಾಯ. ಪುಕ್ಕ ಕೀಳುವಾಗ, ಕರುಳು ತೆಗೆಯುವಾಗಲೇ ಕೈಗೆ, ಉಸಿರಿಗೆ ಸೋಂಕು ತಗುಲುವುದು.

ಮೈ ಪರೀಕ್ಷಿಸಿ

ಬೆಳಕಿರುವ ಕಡೆ ಹಳೆಯ ಪತ್ರಿಕೆಯ ಮೇಲೆ ಮಲಗಿಸಿ, ಕುತ್ತಿಗೆಯ ಪುಕ್ಕ ಸರಿಸಿ ನೋಡಿ. ಮುಂಗುಸಿ ಕಚ್ಚಿದ ಸಣ್ಣ ಗಾಯ ಪುಕ್ಕದಡಿ ಕಾಣದೆ ಉಳಿದಿರಬಹುದು. ಆಮೇಲೆ ಎದೆಮೂಳೆಯ ಮೇಲೆ ಬೆರಳಾಡಿಸಿ. ಎರಡೂ ಬದಿಗೆ ಮಾಂಸ ತುಂಬಿಕೊಂಡಿದ್ದರೆ ಸಾವು ದಿಢೀರನೆ ಬಂದದ್ದು. ಮೂಳೆ ಕತ್ತಿಯ ಅಂಚಿನಂತೆ ಬೆರಳಿಗೆ ಒತ್ತಿದರೆ ಕೋಳಿ ವಾರಗಳಿಂದ ಒಳಗೊಳಗೇ ಸೊರಗುತ್ತಿತ್ತು ಎಂದು ಅರ್ಥ. ಕೋಳಿ ಕಾಯಿಲೆಯನ್ನು ಮುಚ್ಚಿಡುವ ಜೀವ. ಸೋತದ್ದು ತೋರಿದರೆ ಜೊತೆಯವೇ ಕುಟುಕುತ್ತವೆ. ಆದ್ದರಿಂದ ‘ನಿನ್ನೆಯೇ ಗೊತ್ತಾಗಬೇಕಿತ್ತು’ ಎಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಜುಟ್ಟು ಬಿಳಿಚಿಕೊಂಡಿದ್ದರೆ ಒಳಗೆ ರಕ್ತಸ್ರಾವ ಆಗಿರಬಹುದು. ಮುಸುಕಿನ ಜೋಳ, ಅನ್ನವನ್ನೇ ತಿಂದು ಕೊಬ್ಬಿದ ಹೇಂಟೆಗಳಲ್ಲಿ ಯಕೃತ್ತು ಬಿರಿದು ಹೀಗಾಗುತ್ತದೆ, ಬೇಸಿಗೆಯಲ್ಲಿ ಇದು ಹೆಚ್ಚು. ಕೆಳಹೊಟ್ಟೆ ಗಟ್ಟಿಯಾಗಿ ಊದಿದ್ದರೆ ಮೊಟ್ಟೆ ಸಿಕ್ಕಿಕೊಂಡಿರುವ ಸಾಧ್ಯತೆಯಿದೆ. ಹಿಂಭಾಗದ ಪುಕ್ಕಕ್ಕೆ ಹಸಿರು ಹಿಕ್ಕೆ ಮೆತ್ತಿಕೊಂಡಿದ್ದರೆ, ಉಳಿದ ಕೋಳಿಗಳು ಮೇಲುಸಿರು ಬಿಡುತ್ತಿದ್ದರೆ, ಕತ್ತು ತಿರುಚುತ್ತಿದ್ದರೆ ಕೋಳಿಗಳಿಗೆ ಬೇಗ ಹರಡುವ ಕೊಕ್ಕರೆ ರೋಗವನ್ನು (ರಾಣಿಖೇತ್) ಶಂಕಿಸಬೇಕು. ಕೊರಳ ಬುಡದ ಮೇವುಚೀಲ ಕಾಳಿನಿಂದ ತುಂಬಿದ್ದರೆ ಕಡೆಯ ಹೊತ್ತಿನವರೆಗೂ ತಿಂದಿದೆ. ವಿಷದ ಅನುಮಾನವಿದ್ದರೆ ಆ ಚೀಲವೇ ಸಾಕ್ಷಿ, ನೀವಾಗಿ ಕತ್ತರಿಸಬೇಡಿ. ಕಬ್ಬಿಗೆ, ಭತ್ತಕ್ಕೆ ಹಾಕಿದ ಹರಳು ಕೀಟನಾಶಕವನ್ನು ಕೋಳಿ ಕಾಳೆಂದು ಹೆಕ್ಕುತ್ತದೆ. ವಿಷದಿಂದಲೇ ಸತ್ತಿದ್ದರೂ ಯಾರೋ ಇಟ್ಟಿರಬೇಕು ಎಂದೇನಿಲ್ಲ.

ಮರಣೋತ್ತರ ಪರೀಕ್ಷೆ

ಕಣ್ಣಿನ ಅಂದಾಜು ಇಷ್ಟೇ. ಖಚಿತವಾಗಬೇಕಾದರೆ ಪಶುವೈದ್ಯರು ಕೊಯ್ದು ನೋಡಬೇಕು. ಒಂದು ನಾಟಿ ಕೋಳಿಗೆ ಅಷ್ಟೆಲ್ಲ ಏಕೆಂದು ಹಿಂಜರಿಯಬೇಡಿ, ಉಳಿದವುಗಳ ಜೀವ ಅದರ ಮೇಲಿದೆ. ಹೊರಡುವ ಮೊದಲು ತಾಲ್ಲೂಕು ಪಶು ಆಸ್ಪತ್ರೆಗೆ ಫೋನ್ ಮಾಡಿ. ಹಲವು ಕೋಳಿಗಳು ಸತ್ತಿದ್ದರೆ ಹೊತ್ತುಕೊಂಡು ಹೋಗದೆ ಅವರನ್ನೇ ಕರೆಸಿ. ಬೇಸಿಗೆಯಲ್ಲಿ ಕೆಲವೇ ಗಂಟೆಗಳಲ್ಲಿ ಒಳಗೆಲ್ಲ ಕೊಳೆಯುವುದರಿಂದ ಎರಡು ಚೀಲಗಳಲ್ಲಿ ಕಟ್ಟಿ ಐಸ್ ನಡುವೆ ಇಡಿ. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೆ ಅಂಗಗಳು ಪರೀಕ್ಷೆಗೆ ಸರಿಯಾಗಿ ಒದಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕಾರಣ ಸಿಗದೇ ಹೋಗಬಹುದು. ಹೃದಯ ನಿಂತು ಸತ್ತ ಕೋಳಿಯ ಒಳಗೆ ಕೆಲವೊಮ್ಮೆ ಯಾವ ಗುರುತೂ ಇರುವುದಿಲ್ಲ.

ಹೂಳುವುದು, ಕಾಯುವುದು

ಬಾವಿ, ಕೊಳವೆಬಾವಿಗಳಿಂದ ದೂರದಲ್ಲಿ ಕನಿಷ್ಠ ಮೂರು ಅಡಿ ಗುಂಡಿ ತೆಗೆದು, ಕೆಳಗೂ ಮೇಲೂ ಸುಣ್ಣ ಹಾಕಿ ಹೂಳಿ. ವಿಶ್ವೇಶ್ವರಯ್ಯ ನಾಲೆಗೋ ಕೆರೆಗೋ ಎಸೆಯುವುದು ಕೆಳಗಿನ ಊರಿನವರಿಗೆ ಮಾಡುವ ಅನ್ಯಾಯ. ಗೂಡಿನ ಹೊಟ್ಟು, ಹುಲ್ಲು ತೆಗೆದು ಸುಟ್ಟು, ನೆಲ ತೊಳೆದು, ಬಿಸಿಲು ಬಿಡಿ, ಸುಣ್ಣ ಬಳಿಯಿರಿ. ಬೂಷ್ಟು ಹಿಡಿದ ಕಾಳಿದ್ದರೆ ಎಸೆಯಿರಿ. ಉಳಿದ ಕೋಳಿಗಳನ್ನು 21 ದಿನ ಹೊರಗೆ ಬಿಡಬೇಡಿ, ಸಂತೆಗೆ ಒಯ್ಯಬೇಡಿ.

ಮನೆಯವರ ನೋವು

‘ಒಂದು ಕೋಳಿಗೆ ಇಷ್ಟೊಂದು ಅಳುವುದೇ?’ ಎನ್ನುವವರ ಮಾತಿಗೆ ಕಿವಿಗೊಡಬೇಕಿಲ್ಲ. ಹಿತ್ತಿಲ ಬಾಗಿಲಿನ ಸದ್ದಿಗೇ ಓಡಿ ಬರುತ್ತಿದ್ದ, ಅಕ್ಕಿ ಕೇರುವಾಗ ಮೊರದ ಪಕ್ಕದಲ್ಲೇ ನಿಲ್ಲುತ್ತಿದ್ದ ಜೀವ ಅದು. ಮೊಟ್ಟೆಯ ದುಡ್ಡನ್ನು ಡಬ್ಬಿಯಲ್ಲಿ ಹಾಕಿಡುವ ಅಜ್ಜಿಗೆ ನಷ್ಟವೂ ದುಃಖವೂ ಒಟ್ಟಿಗೇ ಬಂದಿರುತ್ತವೆ. ಮಕ್ಕಳಿಗೆ ‘ಮಾರಿಬಿಟ್ಟೆವು’ ಎಂದು ಸುಳ್ಳು ಹೇಳಬೇಡಿ. ಒಂದು ದಿನ ಗೊತ್ತಾದಾಗ ಸಾವಿಗಿಂತ ಆ ಸುಳ್ಳು ಹೆಚ್ಚು ನೋಯಿಸುತ್ತದೆ. ಸತ್ತುಹೋಯಿತು, ಏಕೆಂದು ನಮಗೂ ತಿಳಿಯಲಿಲ್ಲ ಎಂದೇ ಹೇಳಿ. ಮಣ್ಣು ಮುಚ್ಚಿದ ಮೇಲೆ ಹೂವಿಡಲು ಬಿಡಿ, ಮುಟ್ಟಲು ಮಾತ್ರ ಬಿಡಬೇಡಿ. ಉಳಿದ ಹೇಂಟೆಗಳೂ ಕೆಲವು ದಿನ ಮೊಟ್ಟೆ ನಿಲ್ಲಿಸಬಹುದು, ತಮ್ಮೊಳಗೆ ಕಚ್ಚಾಡಬಹುದು. ಯಾರು ಮೇಲು ಎಂಬುದು ಮತ್ತೆ ತೀರ್ಮಾನವಾಗುವವರೆಗೆ ಅದು ಸಹಜ.

ಹೊಸ ಕೋಳಿ ತರಲು ಆತುರ ಬೇಡ. ಕಾಯುವ ದಿನಗಳು ಮುಗಿದು ಉಳಿದವು ಗೆಲುವಾಗಿದ್ದರೆ ಮಾತ್ರ ತನ್ನಿ, ಒಂಟಿಯಾಗಿ ತರದೆ ಜೊತೆಯಾಗಿ ತನ್ನಿ. ಕೊಕ್ಕರೆ ರೋಗದ ಲಸಿಕೆ ಆಗಿದೆಯೇ ಎಂದು ಕೇಳಿ. ಈ ರೋಗಕ್ಕೆ ಮರಿಗಳಿಗೆ ಮೊದಲ ವಾರದಲ್ಲಿ ಲಸೋಟ ಎಂಬ ಲಸಿಕೆಯ ಹನಿ, ಸುಮಾರು ಎಂಟನೆಯ ವಾರದಲ್ಲಿ ಆರ್2ಬಿ ಎಂಬ ಲಸಿಕೆಯ ಚುಚ್ಚುಮದ್ದು ಹಾಕಿಸುವುದು ರೂಢಿ. ಬಂದವನ್ನು ಒಂದು ತಿಂಗಳು ಬೇರೆ ಮಂಕರಿಯಡಿ, ಬೇರೆ ನೀರಿನ ಬಟ್ಟಲಿಟ್ಟು ಸಾಕಿ, ಆಮೇಲೆ ಹಳೆಯವು ಮಲಗಿರುವ ರಾತ್ರಿ ಹೊತ್ತಿನಲ್ಲಿ ಗೂಡಿಗೆ ಸೇರಿಸಿ. ಬೆಳಿಗ್ಗೆ ಜಗಳ ಕಡಿಮೆಯಿರುತ್ತದೆ.