ನೆರಳು ಹಿಡಿದು ಶಿಲ್ಪ ನೋಡುವ ಬಗೆ

ಕಟ್ಟಡಗಳ ಬೆನ್ನಿಗೆ ಅವಿತುಕೊಂಡ ಶಿಲ್ಪಗಳ ತೋಟಕ್ಕೆ ದೊಡ್ಡ ಫಲಕ ಇರುವುದು ಅಪರೂಪ. ಮೊಬೈಲ್ ನಕ್ಷೆಯ ಉಪಗ್ರಹ ಚಿತ್ರದಲ್ಲಿ ತಾರಸಿಗಳ ನಡುವಿನ ಹಸಿರು ತುಣುಕನ್ನು ಹುಡುಕಿ. ಅದು ಸಾರ್ವಜನಿಕರಿಗೆ ತೆರೆದಿದೆಯೇ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ವಿಚಾರಿಸಿಕೊಂಡೇ ಹೊರಡಿ.

ಬಿಸಿಲಿನ ದಿನ ಒಳ್ಳೆಯದು, ನಡು ಮಧ್ಯಾಹ್ನ ಬೇಡ. ನೆತ್ತಿಯ ಮೇಲಿನ ಸೂರ್ಯ ಶಿಲ್ಪದ ಕಣ್ಣುಗಳಿಗೆ ಕತ್ತಲು ತುಂಬಿಬಿಡುತ್ತಾನೆ. ಬಿಳಿ ಅಮೃತಶಿಲೆಯಂತೂ ಕಣ್ಣು ಕುಕ್ಕುತ್ತದೆ. ಬೆಳಗಿನ ಓರೆ ಬಿಸಿಲಿಗೆ ಹೋಗಿ. ಆಗ ಉಳಿಯ ಒಂದೊಂದು ಗೀರಿಗೂ ಅದರದೇ ನೆರಳಿರುತ್ತದೆ.

ಒಳಗೆ ಹೋದವರೇ ವಿವರ ಫಲಕ ಓದಬೇಡಿ. ನಾನೊಮ್ಮೆ ಫಲಕಗಳನ್ನೇ ಸಾಲಾಗಿ ಫೋಟೊ ತೆಗೆದು ಮನೆಗೆ ಬಂದೆ. ಒಂದು ಶಿಲ್ಪದ ಮುಖವೂ ನೆನಪಿರಲಿಲ್ಲ. ಮೊದಲು ಒಂದು ಸುತ್ತು ಹಾಕಿ, ಬೆನ್ನ ಹಿಂದೆಯೂ ನಿಲ್ಲಿ. ಮುಖದ ಗಾಂಭೀರ್ಯವನ್ನು ಎಷ್ಟೋ ಸಲ ಬಿಗಿದ ಭುಜಗಳು ಸುಳ್ಳಾಗಿಸುತ್ತವೆ.

ಈಗ ಹತ್ತಿರ ಬನ್ನಿ. ಕಂಚಿನ ಮೇಲಿನ ಹಸಿರು ಕೊಳೆಯಲ್ಲ. ಅದರಲ್ಲಿರುವ ತಾಮ್ರ ಗಾಳಿ, ತೇವಗಳೊಡನೆ ಬೆರೆತು ಕಟ್ಟಿಕೊಂಡ ಪದರ ಅದು; ಕೆಳಗಿನ ಲೋಹಕ್ಕೆ ಅದೇ ಹೊದಿಕೆ. ಮಳೆನೀರು ಇಳಿದ ದಾರಿಯಲ್ಲಿ ಹಸಿರು ಗೆರೆಗಳು ಮೂಡಿರುತ್ತವೆ. ಎಲ್ಲ ಕಪ್ಪಾಗಿದ್ದು ಹೆಬ್ಬೆರಳೊಂದೇ ಹೊಳೆಯುತ್ತಿದ್ದರೆ, ಬಂದವರೆಲ್ಲ ಸವರಿ ಹೋಗಿದ್ದಾರೆ ಎಂದರ್ಥ. ನಿಮ್ಮ ಕೈ ಜೇಬಿನಲ್ಲಿರಲಿ. ಅಮೃತಶಿಲೆಯ ಮೂಗು, ಬೆರಳ ತುದಿಗಳು ಮೊಂಡಾಗಿ, ಮೈ ಸಕ್ಕರೆ ಹರಳಿನಂತೆ ತರಿತರಿಯಾಗಿದ್ದರೆ ಅದು ಆಮ್ಲ ಬೆರೆತ ಮಳೆಯ ಕೆಲಸ. ಗ್ರಾನೈಟ್ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಕಲ್ಲಿನ ಮೇಲೆ ಪಾಚಿಯಂತೆ ಹಬ್ಬಿದ ಕಲ್ಲುಹೂವು ಕಂಡರೆ ಕೆರೆಯಬೇಡಿ.

ಭಂಗಿ ಅರ್ಥವಾಗದಿದ್ದರೆ, ಸುತ್ತ ಯಾರೂ ಇಲ್ಲದಾಗ ಹಾಗೆಯೇ ಕೂತು ನೋಡಿ. ಫ್ರಾನ್ಸಿನ ಶಿಲ್ಪಿ ರೋದಾಂ ಅವರ ‘ಚಿಂತಕ’ನ ಕಂಚಿನ ಎರಕವೊಂದು ಪ್ಯಾರಿಸ್ಸಿನಲ್ಲಿ ಅವರದೇ ಹೆಸರಿನ ವಸ್ತುಸಂಗ್ರಹಾಲಯದ ತೋಟದಲ್ಲಿದೆ. ಆತ ಬಲ ಮೊಣಕೈಯನ್ನು ಊರಿರುವುದು ಎಡ ತೊಡೆಯ ಮೇಲೆ. ನೀವೂ ಊರಿ; ಸೊಂಟ ತಿರುಚಿಕೊಳ್ಳುತ್ತದೆ, ಬೆನ್ನು ಬಿಗಿಯುತ್ತದೆ. ಆ ಯೋಚನೆ ಆರಾಮದ್ದಲ್ಲ ಎಂದು ಮೈಗೇ ಗೊತ್ತಾಗುತ್ತದೆ.

ಫಲಕ ಓದುವುದು ಈಗ. ಆಮೇಲೆ ನೆರಳಿನ ಬೆಂಚಿನಲ್ಲಿ ನೀರು ಕುಡಿದು ಸುಧಾರಿಸಿಕೊಳ್ಳಿ. ಆಕಾಶದಲ್ಲಿ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿ ಸರಿಯುತ್ತಾನೆ. ಹೊರಡುವ ಮುನ್ನ ಮೊದಲು ನೋಡಿದ ಶಿಲ್ಪದ ಬಳಿ ಮತ್ತೆ ಹೋಗಿ. ಬೆಳಗ್ಗೆ ಬೆಳಗಿದ್ದ ಕೆನ್ನೆ ನೆರಳಿಗೆ ಜಾರಿ, ಆಗ ಕಾಣದ ಕಿವಿಯೊಂದು ಬಿಸಿಲಿಗೆ ಬಂದಿರುತ್ತದೆ.