ಆದಿಕಾಂಡವನ್ನೂ ಭೂಮಿಯ ವಯಸ್ಸನ್ನೂ ಒಟ್ಟಿಗೆ ಓದುವುದು ಹೇಗೆ

ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಶನಿವಾರ ಅದರ ಮೇಲೆ ಓಡಾಡಿ, ಆ ವಯಸ್ಸನ್ನು ತಿಳಿದು ಬಂದ ಮಗು, ಭಾನುವಾರ ಸಂಡೇ ಸ್ಕೂಲಿನಲ್ಲಿ ಭೂಮಿ ಹುಟ್ಟಿ 6,000 ವರ್ಷವಾಯಿತೆಂದು ಕೇಳಿಸಿಕೊಂಡರೆ, ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ಅದಕ್ಕೆ ಅನ್ನಿಸುವುದು ಸಹಜ. ದೇವರೇ ಸೃಷ್ಟಿಕರ್ತನೆಂದು ನಂಬುವ, ಆದರೆ ಬಂಡೆಯ ಸಾಕ್ಷ್ಯವನ್ನೂ ತಳ್ಳಿಹಾಕಲು ಮನಸ್ಸೊಪ್ಪದ ತಂದೆತಾಯಿಗಳಿಗಾಗಿ, ಸಂಡೇ ಸ್ಕೂಲ್ ಶಿಕ್ಷಕರಿಗಾಗಿ ಈ ಬರಹ. ದೇವರಿದ್ದಾನೆಯೇ ಎಂಬ ವಾದಕ್ಕಾಗಲಿ, ಜೀವವಿಕಾಸದ ಚರ್ಚೆಗಾಗಲಿ ಇಲ್ಲಿ ಕೈಹಾಕಿಲ್ಲ. ವಿಷಯ ಭೂಮಿಯ ವಯಸ್ಸು ಮಾತ್ರ.

ಮೊದಲು 6,000 ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಹುಡುಕಿ. ಸತ್ಯವೇದದ (ಬೈಬಲಿನ) ಯಾವ ವಚನದಲ್ಲಿಯೂ ಅದು ಇಲ್ಲ. ಅದು ವಂಶಾವಳಿಗಳನ್ನು ಕೂಡಿ ತೆಗೆದ ಮೊತ್ತ. ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಇಂತಹ ಲೆಕ್ಕ ಮಾಡಿ, ಸೃಷ್ಟಿಯು ಕ್ರಿಸ್ತಪೂರ್ವ 4004ರ ಅಕ್ಟೋಬರ್‌ನಲ್ಲಿ ಆಯಿತೆಂದು ಪ್ರಕಟಿಸಿದರು. 1701ರಿಂದ ಆ ವರ್ಷವನ್ನು ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಮುದ್ರಿಸತೊಡಗಿದ ಮೇಲೆ, ಅಂಚಿನ ಟಿಪ್ಪಣಿಯೇ ದೇವರ ವಾಕ್ಯವೆಂಬಂತೆ ಓದುವ ರೂಢಿ ಬೆಳೆಯಿತು.

ಈ ಲೆಕ್ಕವನ್ನು ನೀವೇ ಕಾಗದ, ಪೆನ್ಸಿಲ್ ಹಿಡಿದು ಮಾಡಿ ನೋಡುವುದು ಒಳ್ಳೆಯದು. ಸತ್ಯವೇದದ ಮೊದಲ ಪುಸ್ತಕವಾದ ಆದಿಕಾಂಡದ 5ನೆಯ ಅಧ್ಯಾಯದಲ್ಲಿ ಆದಾಮನು 130 ವರ್ಷದವನಾಗಿದ್ದಾಗ ಸೇತನು ಹುಟ್ಟಿದನು. ಸೇತನಿಗೆ 105 ವರ್ಷವಾದಾಗ ಎನೋಷನು. ಹೀಗೆ ಕೂಡುತ್ತ ಹೋದರೆ ಜಲಪ್ರಳಯಕ್ಕೆ 1,656 ವರ್ಷ ಬರುತ್ತದೆ. ಆದರೆ ಇದು ಹೀಬ್ರೂ ಪಾಠದ ಲೆಕ್ಕ. ಕ್ರಿಸ್ತನಿಗಿಂತ ಮೊದಲೇ ಮಾಡಿದ, ಆದಿಸಭೆಯವರು ಬಹುಮಟ್ಟಿಗೆ ಬಳಸುತ್ತಿದ್ದ ಗ್ರೀಕ್ ಅನುವಾದದಲ್ಲಿ ಆದಾಮನ ವಯಸ್ಸು 230, ಸೇತನದು 205. ಆ ಪಾಠವನ್ನು ಅನುಸರಿಸಿದ ಬೈಜಾಂಟಿಯಂ ಸಭೆಯ ಪಂಚಾಂಗ ಸೃಷ್ಟಿಯನ್ನು ಕ್ರಿಸ್ತಪೂರ್ವ 5509ಕ್ಕೆ ಇರಿಸಿತ್ತು. ಒಂದೇ ವಿಶ್ವಾಸದ ಜನರ ನಡುವೆ ಸುಮಾರು 1,500 ವರ್ಷಗಳ ಅಂತರವಿತ್ತು, ಮತ್ತು ಅದಕ್ಕಾಗಿ ಯಾರೂ ಯಾರನ್ನೂ ಅವಿಶ್ವಾಸಿ ಎನ್ನಬೇಕಾಗಿರಲಿಲ್ಲ.

ಇನ್ನು ಮತ್ತಾಯ 1:8ನ್ನು ಅರಸರ ಚರಿತ್ರೆಯ ಪಕ್ಕದಲ್ಲಿಟ್ಟು ಓದಿ. ಯೋರಾಮನು ಉಜ್ಜೀಯನನ್ನು ಪಡೆದನೆಂದು ಮತ್ತಾಯನು ಬರೆಯುತ್ತಾನೆ. ನಡುವೆ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರು ಬಿಟ್ಟುಹೋಗಿದ್ದಾರೆ. ‘ಪಡೆದನು’ ಎಂಬ ಮಾತು ವಂಶಾವಳಿಯಲ್ಲಿ ಮೊಮ್ಮಗನ ಮೊಮ್ಮಗನಿಗೂ ಅನ್ವಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಆದರೂ ಈ ವಾದವನ್ನು ಅತಿಯಾಗಿ ಎಳೆಯಬಾರದು. ಬಿಟ್ಟುಹೋದ ತಲೆಮಾರುಗಳು ಕೆಲವು ಸಾವಿರ ವರ್ಷಗಳನ್ನು ಸೇರಿಸಬಹುದೇ ಹೊರತು ಕೋಟಿಗಳನ್ನಲ್ಲ. ವಂಶಾವಳಿಯು ಗಡಿಯಾರವಾಗಿರಲಿಲ್ಲ ಎಂಬಷ್ಟನ್ನೇ ಇದರಿಂದ ಕಲಿಯಬೇಕು.

ಎರಡನೆಯ ಕೆಲಸ, ವೈಜ್ಞಾನಿಕ ಸಾಕ್ಷ್ಯಗಳಲ್ಲಿ ಒಂದನ್ನಾದರೂ ಬೇರೆಯವರಿಗೆ ವಿವರಿಸುವಷ್ಟು ಚೆನ್ನಾಗಿ ತಿಳಿದುಕೊಳ್ಳುವುದು. ಜಿರ್ಕಾನ್ ಎಂಬ ಹರಳಿನ ಸಂಗತಿ ಇದಕ್ಕೆ ಅನುಕೂಲ. ಕರಗಿದ ಕಲ್ಲು ಆರುವಾಗ ಹುಟ್ಟುವ ಈ ಹರಳು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುತೇಕ ಹೊರಗೇ ಇಡುತ್ತದೆ. ಯುರೇನಿಯಂ ಕಾಲಕ್ರಮದಲ್ಲಿ ಸೀಸವಾಗಿ ಬದಲಾಗುವುದರಿಂದ, ಇಂದು ಹರಳಿನೊಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಅಲ್ಲಿಯೇ ಹುಟ್ಟಿದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದ ಎರಡು ಗಡಿಯಾರಗಳು ಓಡುತ್ತಿವೆ. ಹರಳಿನಿಂದ ಸೀಸ ಸೋರಿಹೋಗಿದ್ದರೆ ಎರಡೂ ಬೇರೆ ಬೇರೆ ಸಮಯ ತೋರಿಸಿ ಗುಟ್ಟು ಬಿಟ್ಟುಕೊಡುತ್ತವೆ; ಎರಡೂ ಒಂದೇ ವಯಸ್ಸನ್ನು ಹೇಳಿದಾಗ ಅದನ್ನು ನಂಬಲು ಗಟ್ಟಿಯಾದ ಕಾರಣವಿರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಅತ್ಯಂತ ಹಳೆಯ ಜಿರ್ಕಾನ್‌ಗಳಿಗೆ ಸುಮಾರು 440 ಕೋಟಿ ವರ್ಷ. ಭೂಮಿಯ ಒಟ್ಟು ವಯಸ್ಸನ್ನು ಕ್ಲೇರ್ ಪ್ಯಾಟರ್‌ಸನ್ 1956ರಲ್ಲಿ ಉಲ್ಕಾಶಿಲೆಗಳ ಸೀಸವನ್ನು ಅಳೆದು 455 ಕೋಟಿ ವರ್ಷ ಎಂದರು. ಇಂದಿನ ಲೆಕ್ಕವೂ ಸುಮಾರು 454 ಕೋಟಿಯಲ್ಲಿಯೇ ನಿಂತಿದೆ.

ಇಲ್ಲೊಂದು ಎಚ್ಚರಿಕೆ. ಇಂಗಾಲ-14ರಿಂದ ಭೂಮಿಯ ವಯಸ್ಸು ಅಳೆಯುತ್ತಾರೆಂದು ವಿಜ್ಞಾನದ ಪರವಾಗಿ ಮಾತನಾಡುವವರೂ ಹೇಳುವುದುಂಟು, ಅದು ತಪ್ಪುತ್ತದೆಯೆಂದು ವಿರೋಧಿಸುವವರೂ ಹೇಳುವುದುಂಟು. ಅದರ ಅರ್ಧಾಯುಷ್ಯ 5,730 ವರ್ಷ ಮಾತ್ರವಾದುದರಿಂದ ಸುಮಾರು 50,000 ವರ್ಷಗಳಿಗಿಂತ ಹಳೆಯದನ್ನು ಅದು ಅಳೆಯಲಾರದು. ಅದನ್ನು ಈ ಚರ್ಚೆಗೆ ತರದಿರುವುದೇ ಲೇಸು.

‘ಆಗ ಯಾರು ನೋಡಿದ್ದರು? ಹಿಂದೆ ಯುರೇನಿಯಂ ಬೇರೆ ವೇಗದಲ್ಲಿ ಕ್ಷಯಿಸಿರಬಾರದೇಕೆ?’ ಎಂದು ಸಭೆಯ ಹಿರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆಫ್ರಿಕಾದ ಗಬೋನ್ ದೇಶದ ಓಕ್ಲೋ ಗಣಿಯಲ್ಲಿ ಸುಮಾರು 200 ಕೋಟಿ ವರ್ಷಗಳ ಹಿಂದೆ ನೆಲದೊಳಗೆ ತಾನಾಗಿಯೇ ಪರಮಾಣು ಸರಪಳಿ ಕ್ರಿಯೆ ನಡೆದಿತ್ತೆಂದು 1972ರಲ್ಲಿ ಪತ್ತೆಯಾಯಿತು. ಅದು ಬಿಟ್ಟುಹೋದ ವಸ್ತುಗಳು ಅಂದಿನ ಪರಮಾಣು ನಿಯಮಗಳು ಇಂದಿನವುಗಳಂತೆಯೇ ಇದ್ದವೆಂದು ತೋರಿಸುತ್ತವೆ. ಅಲ್ಲದೆ 450 ಕೋಟಿ ವರ್ಷಗಳ ಕ್ಷಯವನ್ನು 6,000 ವರ್ಷಗಳಿಗೆ ಒತ್ತಿದರೆ ಹುಟ್ಟುವ ಶಾಖಕ್ಕೆ ಭೂಮಿಯೇ ಕರಗಬೇಕಾಗುತ್ತದೆ. ಪರಮಾಣುವನ್ನೇ ನೆಚ್ಚದ ಸಾಕ್ಷಿಯೂ ಇದೆ: ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದ ಪದರಗಳು 8 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತವೆ.

ಮೂರನೆಯದಾಗಿ ಆದಿಕಾಂಡದ 1ನೆಯ ಅಧ್ಯಾಯಕ್ಕೆ ಹಿಂದಿರುಗಿ, ಅದು ತನ್ನನ್ನು ಹೇಗೆ ಓದಬೇಕೆಂದು ಕೇಳುತ್ತಿದೆ ಎಂಬುದನ್ನು ಗಮನಿಸಬೇಕು. ಸೂರ್ಯನು ಉಂಟಾದದ್ದು ನಾಲ್ಕನೆಯ ದಿನ. ಅದಕ್ಕೆ ಮೊದಲಿನ ಮೂರು ದಿನಗಳಿಗೂ ಸಾಯಂಕಾಲ, ಪ್ರಾತಃಕಾಲಗಳಿವೆ. ಮೂರನೆಯ ಶತಮಾನದಲ್ಲಿ ಆದಿಸಭೆಯ ವಿದ್ವಾಂಸ ಓರಿಜೆನ್ ಇದನ್ನೇ ಎತ್ತಿ ತೋರಿಸಿ, ಅಕ್ಷರಶಃ ಓದುವುದು ಸರಿಯಲ್ಲ ಎಂದಿದ್ದನು. ಸೃಷ್ಟಿಯೆಲ್ಲ ಒಂದೇ ಕ್ಷಣದಲ್ಲಿ ಆಯಿತೆಂದೂ ದಿನಗಳು ತಿಳಿವಳಿಕೆಯ ಕ್ರಮವೆಂದೂ ಸಂತ ಅಗಸ್ಟೀನ್ ಭಾವಿಸಿದನು; ಪ್ರಕೃತಿಯ ವಿಷಯದಲ್ಲಿ ಕ್ರೈಸ್ತರು ಸತ್ಯವೇದದ ಹೆಸರಿನಲ್ಲಿ ಅಸಂಬದ್ಧವಾಗಿ ಮಾತನಾಡಿ ಬಲ್ಲವರ ನಗೆಗೆ ಗುರಿಯಾಗಬಾರದೆಂದೂ ಎಚ್ಚರಿಸಿದನು. ಇವರಿಬ್ಬರಿಗೂ ಭೂವಿಜ್ಞಾನದ ಒತ್ತಡವಿರಲಿಲ್ಲ ಎಂಬುದನ್ನು ಮರೆಯಬೇಡಿ. ವಿಜ್ಞಾನಕ್ಕೆ ಹೆದರಿ ಅರ್ಥ ಬದಲಿಸಿದರೆಂಬ ಆರೋಪ ಅವರಿಗೆ ತಾಗದು.

‘ದಿನ’ ಎಂಬುದಕ್ಕೆ ಹೀಬ್ರೂವಿನಲ್ಲಿರುವ ಯೋಮ್ ಎಂಬ ಪದವು ಆದಿಕಾಂಡ 2:4ರಲ್ಲಿ ಇಡೀ ಸೃಷ್ಟಿಯ ಕಾಲವನ್ನೇ ಸೂಚಿಸುತ್ತದೆ. ಅನುವಾದದಲ್ಲಿ ಅದು ‘ಉಂಟುಮಾಡಿದಾಗ’ ಎಂಬಲ್ಲಿ ಕರಗಿಹೋಗಬಹುದಾದ್ದರಿಂದ ಕನ್ನಡದ ಓದುಗರ ಕಣ್ಣಿಗೆ ಬೀಳದಿರಬಹುದು. ಇದರ ಆಧಾರದಿಂದ ಪ್ರತಿ ದಿನವೂ ಒಂದು ಯುಗವೆನ್ನುವವರಿದ್ದಾರೆ. ಆದರೆ ಹಣ್ಣಿನ ಮರಗಳು ಸೂರ್ಯನಿಗಿಂತಲೂ ಮೀನುಗಳಿಗಿಂತಲೂ ಮೊದಲು ಬರುವ ಕ್ರಮ ಬಂಡೆಗಳ ಕ್ರಮದೊಡನೆ ಹೊಂದುವುದಿಲ್ಲ. ಮೊದಲನೆಯ ಮತ್ತು ಎರಡನೆಯ ವಚನಗಳ ನಡುವೆ ದೀರ್ಘಕಾಲದ ಅಂತರವಿದೆಯೆಂದು ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ 19ನೆಯ ಶತಮಾನದ ಆರಂಭದಲ್ಲಿ ಬೋಧಿಸಿದರು; ಹೀಬ್ರೂ ವ್ಯಾಕರಣ ಅದಕ್ಕೆ ಹೆಚ್ಚಿನ ಆಸರೆ ಕೊಡುವುದಿಲ್ಲ. ಭೂಮಿಯನ್ನು ಹಳೆಯದಾಗಿ ಕಾಣುವಂತೆಯೇ ಸೃಷ್ಟಿಸಲಾಯಿತೆಂದು ಇಂಗ್ಲೆಂಡಿನ ಪ್ರಕೃತಿವಿಜ್ಞಾನಿ ಫಿಲಿಪ್ ಗಾಸ್ 1857ರಲ್ಲಿ ವಾದಿಸಿದರು. ಇದನ್ನು ಅಲ್ಲಗಳೆಯಲು ಯಾವ ಪರೀಕ್ಷೆಯೂ ಇಲ್ಲ. ಆದರೆ ಎಂದೂ ನಡೆಯದ ಘಟನೆಗಳ ಗುರುತನ್ನು ದೇವರು ಕಲ್ಲಿನಲ್ಲಿ ಬರೆದನೆಂದು ಒಪ್ಪುವುದು ನನ್ನಿಂದಾಗದು.

ನನಗೆ ಹೆಚ್ಚು ಸರಿಯೆನಿಸುವುದು ಅಧ್ಯಾಯದ ಕಟ್ಟಡವನ್ನೇ ನೋಡುವ ಓದು. ಮೊದಲ ಮೂರು ದಿನಗಳಲ್ಲಿ ಬೆಳಕು, ಆಕಾಶ ಮತ್ತು ಸಮುದ್ರ, ಒಣನೆಲ ಎಂಬ ಮನೆಗಳು ಸಿದ್ಧವಾಗುತ್ತವೆ. ನಂತರದ ಮೂರು ದಿನಗಳಲ್ಲಿ ಅದೇ ಕ್ರಮದಲ್ಲಿ ಸೂರ್ಯಚಂದ್ರರು, ಪಕ್ಷಿಮತ್ಸ್ಯಗಳು, ಪ್ರಾಣಿಗಳು ಮತ್ತು ಮನುಷ್ಯನು ಒಕ್ಕಲಾಗುತ್ತಾರೆ. ಎಷ್ಟು ಕಾಲವಾಯಿತೆಂಬುದಕ್ಕಿಂತ ಯಾವುದು ಯಾರ ಅಧೀನವೆಂಬುದನ್ನು, ಸೂರ್ಯನೂ ದೇವರಲ್ಲವೆಂಬುದನ್ನು ಅದು ಹೇಳುತ್ತಿದೆ. ಈ ಓದಿಗೂ ಬೆಲೆ ತೆರಬೇಕು: ವಿಮೋಚನಕಾಂಡ 20:11 ಸಬ್ಬತ್ತಿಗೆ, ಅಂದರೆ ವಾರದ ವಿಶ್ರಾಂತಿಯ ದಿನಕ್ಕೆ, ಆರು ದಿನಗಳ ಸೃಷ್ಟಿಯನ್ನೇ ಕಾರಣವಾಗಿ ಕೊಡುತ್ತದೆ. ಅಲ್ಲಿ ವಾರವು ಮಾದರಿಯೆಂದು ಉತ್ತರಿಸಬಹುದು, ಆದರೆ ಆಕ್ಷೇಪವನ್ನು ಹಗುರವಾಗಿ ಕಾಣಬಾರದು.

ವಯಸ್ಸಿಗಿಂತ ಬಿಗಿಯಾದ ಗಂಟೊಂದು ಉಳಿಯುತ್ತದೆ. ಭೂಮಿ ಹಳೆಯದಾದರೆ, ಮನುಷ್ಯನಿಗಿಂತ ಮೊದಲೇ ಕೋಟ್ಯಂತರ ವರ್ಷ ಪ್ರಾಣಿಗಳು ಸತ್ತಿವೆ. ಹಾಗಾದರೆ ಮರಣವು ಪಾಪದಿಂದ ಬಂತೆನ್ನುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 5:12ಕ್ಕೆ ಏನಾಗುತ್ತದೆ? ಆ ವಚನವು ಮರಣವು ಎಲ್ಲ ಮನುಷ್ಯರಿಗೂ ವ್ಯಾಪಿಸಿದ್ದನ್ನು ಹೇಳುತ್ತದೆ, ಪ್ರಾಣಿಗಳ ಮಾತನ್ನು ಎತ್ತುವುದಿಲ್ಲ. 104ನೆಯ ಕೀರ್ತನೆಯಂತೂ ಬೇಟೆಗಾಗಿ ಗರ್ಜಿಸುವ ಸಿಂಹಗಳು ದೇವರಿಂದಲೇ ಆಹಾರ ಕೇಳುತ್ತವೆಂದು ಹೊಗಳುತ್ತದೆ. ಈ ಪ್ರಶ್ನೆಯನ್ನು ಸಭಾಪಾಲಕರೊಡನೆ ಬೇರೆಯಾಗಿ, ಬಿಡುವಾಗಿ ಚರ್ಚಿಸಿ. ವಯಸ್ಸಿನ ಪ್ರಶ್ನೆಯೊಡನೆ ಕಲಸಿದರೆ ಎರಡೂ ಕೆಡುತ್ತವೆ.

ಕಡೆಯದಾಗಿ, ವಿರುದ್ಧ ದಿಕ್ಕಿನ ಆತುರವೂ ಬೇಡ. ಮಹಾಸ್ಫೋಟದ ಸಿದ್ಧಾಂತವೇ ಆದಿಕಾಂಡ 1:1ಕ್ಕೆ ಪುರಾವೆಯೆಂದು ಸಾರುವವರು, ಆ ಸಿದ್ಧಾಂತಕ್ಕೆ ಬುನಾದಿ ಹಾಕಿದ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಗುರುವಾಗಿದ್ದೂ ಅಂತಹ ಜೋಡಣೆಯನ್ನು ಒಪ್ಪಲಿಲ್ಲ ಎಂಬುದನ್ನು ನೆನಪಿಡಬೇಕು. ತರಗತಿಯಲ್ಲಿ ಮಗು ಕೇಳಿದರೆ ಭೂಮಿಗೆ ಸುಮಾರು 454 ಕೋಟಿ ವರ್ಷವೆಂದು ತಡವರಿಸದೆ ಹೇಳಿ. 6,000 ಎಂದು ನಂಬುವ ಅಜ್ಜಿಯನ್ನು ಅದರ ಮುಂದೆ ಹೀಯಾಳಿಸಬೇಡಿ. ಬೈಬಲಿನ ಅಂಚಿನಲ್ಲಿ 4004 ಎಂದು ಮುದ್ರಿತವಾಗಿದ್ದರೆ, ಅದನ್ನು ಬರೆದವರು ಯಾರೆಂದು ಬೆರಳಿಟ್ಟು ತೋರಿಸಿ.